ಮೆಟ್ಟಿಲ ತಿರುವಿನಲ್ಲಿ ಅಣ್ಣನ ಉಸಿರು

ಜನವರಿ 12, ಸೋಮವಾರ

ಅಂಗಡಿಯಲ್ಲಿ ಮಾತಾಡಲು ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣ ಇದ್ದಾಗ ನಮ್ಮಿಬ್ಬರ ಬಾಯಿಗೆ ಬಿಡುವೇ ಇರಲಿಲ್ಲ. ಅವನು ಶೂಗಳ ಅಟ್ಟೆ ಹೊಲಿಯುತ್ತ, ಸವೆದ ಹಿಮ್ಮಡಿ ನೋಡಿಯೇ ಅದರ ಯಜಮಾನನ ಬಂಡವಾಳ ಬಯಲು ಮಾಡುತ್ತಿದ್ದ. ನಾನು ಮೊಳೆ ಹೊಡೆಯುತ್ತ ಅದಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಈಗ ನನ್ನ ಸುತ್ತಿಗೆ ಬಿಟ್ಟರೆ ಬೇರೆ ಸದ್ದಿಲ್ಲ.

ಅವನು ಹೋಗಿ ಮೂರು ತಿಂಗಳಾಯಿತು. ಗಿರಾಕಿಗಳು ಶೂ ಹಾಕಿ ನೋಡುವ ಬೆಂಚಿನ ಮೇಲೆ ಕೂತು, "ಯಾಕೋ ಸುಸ್ತು ಕಣೋ, ಒಂದು ಟೀ ತರಿಸು" ಅಂದ. ಟೀ ಬರುವಷ್ಟರಲ್ಲಿ ಇರಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ, ಅಯ್ಯೋ ಅನ್ನಲಿಲ್ಲ. ಹೃದಯಾಘಾತ ಎಂದರು ಆಸ್ಪತ್ರೆಯವರು. ಅವನಿಗೆ ಬಿ.ಪಿ. ಇತ್ತು, ಸಕ್ಕರೆ ಕಾಯಿಲೆಯೂ ಇತ್ತು, ಒಪ್ಪುತ್ತೇನೆ. ಆದರೆ ಒಂದು ಚೂರೂ ನೋವಿಲ್ಲದೆ ಅದೆಂಥ ಹೃದಯಾಘಾತ? ನನಗಿನ್ನೂ ನಂಬಿಕೆ ಬಂದಿಲ್ಲ.

ಬರೆಯಬೇಕೆಂದು ಕೂತದ್ದು ಅದಲ್ಲ. ಸಂಜೆ ಅಂಗಡಿಯ ಕದ ಎಳೆದು ಮನೆಗೆ ಹತ್ತುತ್ತಿದ್ದೆ. ಅಂಗಡಿ ಕೆಳಗೆ, ಮನೆ ಮೂರನೇ ಮಹಡಿಯಲ್ಲಿ. ಎರಡನೇ ಮಹಡಿ ದಾಟಿದ ಮೇಲೆ ಮೆಟ್ಟಿಲು ತಿರುಗುವ ಕಡೆ ಒಂದು ಕಿಟಕಿಯಿದೆ. ಕೊನೆಯ ವರ್ಷ ಅಣ್ಣ ದಿನವೂ ಅಲ್ಲಿ ನಿಂತು, ರಸ್ತೆ ನೋಡುವವನ ಹಾಗೆ ನಟಿಸಿ, ಏದುಸಿರು ಇಳಿಸಿಕೊಂಡು ಮುಂದೆ ಹೋಗುತ್ತಿದ್ದ. ಆ ಉಸಿರಿನ ತುದಿಗೆ ಸಣ್ಣದೊಂದು ಶಿಳ್ಳೆ ಇರುತ್ತಿತ್ತು. ಇವತ್ತು ಅದೇ ತಿರುವಿನಲ್ಲಿ ಆ ಉಸಿರು ಕೇಳಿಸಿತು, ಶಿಳ್ಳೆಯ ಸಮೇತ. ತಿರುಗಿ ನೋಡಿದೆ. ಮೆಟ್ಟಿಲು ಖಾಲಿ.

ಅತ್ತಿಗೆಗೆ ಹೇಳಲಿಲ್ಲ. ಅವರು ಈ ಮನೆಗೆ ಮದುವೆಯಾಗಿ ಬಂದಾಗ ನಾನು ಚಡ್ಡಿ ಹಾಕುತ್ತಿದ್ದೆ. ಅರವತ್ತು ದಾಟಿದರೂ ಅವರಿಗೆ ನಾನಿನ್ನೂ ಪುಟ್ಟ. ಮದುವೆಯ ಗೋಜಿಗೇ ಹೋಗದ ನನಗೆ ಊಟ, ಬೈಗುಳ ಎರಡೂ ಅವರ ಕೈಯಿಂದಲೇ. ಅಣ್ಣ ಹೋದ ಮೇಲೆ ಬೈಯುವುದನ್ನೂ ಬಿಟ್ಟಿದ್ದಾರೆ. ಅಂಗಡಿಗೆ ಇಳಿದಿಲ್ಲ, ತಲೆ ನೆಟ್ಟಗೆ ಬಾಚಿಕೊಂಡಿಲ್ಲ. ಇದನ್ನು ಬೇರೆ ಅವರ ತಲೆಗೆ ಹಾಕುವುದು ಬೇಡ.

ಜನವರಿ 21, ಬುಧವಾರ

ಶೂ ಮತ್ತೆ ಬಿಗಿ. ನನ್ನ ಕೈಯಾರೆ ಅಳೆದು ಮಾಡಿಕೊಂಡ ಶೂ, ಹೋದ ವರ್ಷ ಕಾಲಿಗೆ ಮುತ್ತಿಟ್ಟ ಹಾಗೆ ಕೂರುತ್ತಿತ್ತು. ಹಿಗ್ಗಿಸುವ ಮರದ ಅಚ್ಚು ತೂರಿಸಿ, ತಿರುಪು ಒಂದು ಸುತ್ತು ಬಿಗಿದು ರಾತ್ರಿಯೆಲ್ಲ ಇಟ್ಟೆ. ಬೆಳಗ್ಗೆ ಸರಿಹೋಗಿತ್ತು, ಸಂಜೆಗೆ ಮತ್ತೆ ಹಿಡಿಯಿತು. ಈಗಿನ ಚರ್ಮಕ್ಕೆ ಹದ ಅನ್ನುವುದೇ ಇಲ್ಲ. ಚರ್ಮ ಕೊಡುವವನಿಗೆ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ.

ಅಣ್ಣನ ಮಗಳ ಫೋನ್ ಬಂತು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು; ಮನೆಯವರನ್ನೂ ಟಿಕೆಟ್ ಇಲ್ಲದೆ ಹತ್ತಿದವರ ಹಾಗೆಯೇ ವಿಚಾರಿಸುತ್ತಾಳೆ.

"ಚಿಕ್ಕಪ್ಪ, ಪರೀಕ್ಷೆ ಮಾಡಿಸಿದ್ರಾ?"

"ಬಿ.ಪಿ. ಮಾತ್ರೆ ದಿನಾ ತಗೋತಿದ್ದೀನಲ್ಲಮ್ಮ."

"ಸಕ್ಕರೆದು?"

"ಅದು ಗಡಿ ಮೇಲಿದೆ ಅಷ್ಟೆ."

"ಗಡಿ ದಾಟಿ ಎರಡು ವರ್ಷ ಆಯ್ತು. ಬರೆದುಕೊಟ್ಟ ಮಾತ್ರೆ ಏನು ಮಾಡಿದ್ರಿ?"

ಮಾತ್ರೆ ಅಂಗಡಿಯ ಡ್ರಾಯರಿನಲ್ಲಿ, ಶೂ ಲೇಸುಗಳ ಕೆಳಗೆ ಭದ್ರವಾಗಿದೆ. ಎರಡೆರಡು ಕಾಯಿಲೆಗೆ ಮಾತ್ರೆ ನುಂಗಿದರೆ ಮನುಷ್ಯ ಊಟ ಮಾಡುವುದು ಯಾವಾಗ? "ಎದೆನೋವು ಬರ್ಲಿ, ಆಗ ನಾನೇ ಓಡ್ತೀನಿ" ಅಂದೆ. ಅವಳು ಪಟ್ಟನೆ ಫೋನ್ ಇಟ್ಟಳು. ಮೂಗಿನ ತುದಿಯಲ್ಲೇ ಸಿಟ್ಟು, ಥೇಟ್ ಅವಳಪ್ಪ.

ಉಸಿರು ದಿನವೂ ಬರುತ್ತಿದೆ. ಇವತ್ತು ಪರೀಕ್ಷೆ ಮಾಡಿ ನೋಡಿದೆ. ತಿರುವಿನಲ್ಲಿ ನಿಂತು, ನನ್ನ ಉಸಿರು ಬಿಗಿ ಹಿಡಿದು ಕಿವಿಗೊಟ್ಟೆ. ಅದೂ ನಿಂತುಬಿಟ್ಟಿತು. ನಾನು ಬಿಟ್ಟೊಡನೆ ಅದೂ ಶುರುವಾಯಿತು. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಅಣ್ಣನದು ಇದೇ ಚಾಳಿ: ಬೀರುವಿನ ಹಿಂದೆ ಅಡಗಿ, ನಾನು ಕಿವಿಗೊಟ್ಟ ಕೂಡಲೇ ಉಸಿರು ಬಿಗಿ ಹಿಡಿಯುತ್ತಿದ್ದ. ಸತ್ತ ಮೇಲೂ ಬುದ್ಧಿ ಬಿಟ್ಟಿಲ್ಲ. ಕತ್ತಲ ಮೆಟ್ಟಿಲಿನಲ್ಲಿ ಒಬ್ಬನೇ ನಿಂತು ನಕ್ಕೆ. ಹೆದರಿಕೆಯೂ ಆಗುತ್ತಿತ್ತು.

ಫೆಬ್ರವರಿ 2, ಸೋಮವಾರ

ನಾನು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅತ್ತಿಗೆ ನನ್ನನ್ನು ನೋಡಲಿಲ್ಲ, ನನ್ನ ಹೆಗಲ ಮೇಲಿಂದ ಹಿಂದಿನ ಮೆಟ್ಟಿಲು ನೋಡಿದರು.

"ನೀನಾ?" ಅಂದರು.

"ಮತ್ತೆ ಯಾರು ಅಂದ್ಕೊಂಡ್ರಿ?"

"ಯಾರೂ ಇಲ್ಲ. ಕೈಕಾಲು ತೊಳ್ಕೊ ಹೋಗು."

ನಾನು ಅಲ್ಲೇ ನಿಂತೆ. "ಅತ್ತಿಗೆ, ನಿಮಗೂ ಕೇಳಿಸುತ್ತಾ?"

ಅವರು ಗೋಡೆ ಹಿಡಿದುಕೊಂಡು ನಿಧಾನವಾಗಿ ಕುರ್ಚಿಯ ಮೇಲೆ ಕೂತರು. "ಹಾಗಾದ್ರೆ ನಿಂಗೂ ಕೇಳಿಸುತ್ತೆ! ನಂಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಪುಟ್ಟ. ದಿನಾ ಸಂಜೆ ಬರ್ತಾರೆ. ಕಿಟಕಿ ಹತ್ರ ನಿಲ್ತಾರೆ, ಸುಧಾರಿಸ್ಕೋತಾರೆ, ಆಮೇಲೆ ಹತ್ತುತಾರೆ. ನಾನು ಎದ್ದು ಬಾಗಿಲು ತೆಗೆಯೋ ಹೊತ್ತಿಗೆ ನೀನು ನಿಂತಿರ್ತೀಯ."

"ನನ್ನ ಹಿಂದೇನೇ ಬರ್ತಾನೆ" ಅಂದೆ.

"ನಿನ್ನ ಬಿಟ್ಟು ಯಾವತ್ತು ಬಂದಿದ್ರು ಅವರು?"

ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ಅತ್ತಿಗೆ, ಬದುಕಿದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಬಂದವರಲ್ಲ, ಈಗ ನೋಡು ಅಂದರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ. ಅಣ್ಣ ಹೋದ ಮೇಲೆ ಮೊದಲ ಸಲ ಅತ್ತಿಗೆಯ ಹಲ್ಲು ಕಂಡೆ.

ಫೆಬ್ರವರಿ 15, ಭಾನುವಾರ

ಅಣ್ಣನ ಮಗಳು ಬಂದಿದ್ದಳು. ಅವಳ ಕ್ವಾರ್ಟರ್ಸ್ ಪಕ್ಕ ನೆಲಮಹಡಿಯಲ್ಲಿ ಒಂದು ಮನೆ ಖಾಲಿಯಿದೆಯಂತೆ. ಮೆಟ್ಟಿಲ ಕಾಟವಿಲ್ಲ, ಇಬ್ಬರೂ ಅಲ್ಲಿಗೇ ಬಂದುಬಿಡಿ ಅಂದಳು. ನಾನೂ ಅತ್ತಿಗೆಯೂ ಒಟ್ಟಿಗೇ "ಬೇಡ" ಅಂದೆವು. ನಾವಿಬ್ಬರೂ ಒಂದು ಮಾತಿಗೆ ಹೀಗೆ ಒಂದಾದದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿಲ್ಲ.

"ಯಾಕಮ್ಮ?" ಎಂದು ತಾಯಿಯನ್ನು ಕೇಳಿದಳು.

"ನಿಮ್ಮಪ್ಪನಿಗೆ ಇದೇ ದಾರಿ ಗೊತ್ತಿರೋದು" ಅಂದರು ಅತ್ತಿಗೆ, ತರಕಾರಿ ಹೆಚ್ಚುತ್ತ, ತೀರ ಮಾಮೂಲಿ ದನಿಯಲ್ಲಿ. ಅವಳು ನನ್ನ ಮುಖ ನೋಡಿದಳು. ನಾನು ಉಪ್ಪು ಹಾಕಿದ ಕಡಲೆಬೀಜದ ಡಬ್ಬಿಯಲ್ಲಿ ಕೈಯಾಡಿಸುತ್ತ ಕೂತೆ. ಹೊರಡುವಾಗ ಬಾಗಿಲಲ್ಲಿ ನನ್ನನ್ನು ತಡೆದು, "ಚಿಕ್ಕಪ್ಪ, ನಿಮ್ಮ ಮುಖ ಊದಿದೆ" ಅಂದಳು. ಭಾನುವಾರ ನಿದ್ದೆ ಜಾಸ್ತಿ ಅಂದೆ.

ಸುಳ್ಳು. ನಿದ್ದೆಯೇ ಇಲ್ಲ. ಮಲಗಿದರೆ ಯಾರೋ ಎದೆಯ ಮೇಲೆ ಮೆಲ್ಲಗೆ ಕೂತ ಹಾಗಾಗುತ್ತದೆ. ನೋವಲ್ಲ, ಬರೀ ಭಾರ. ಅಣ್ಣನ ದಿಂಬನ್ನೂ ತಂದು ನನ್ನದರ ಮೇಲಿಟ್ಟುಕೊಂಡಿದ್ದೇನೆ. ತಲೆ ಎತ್ತರವಾದರೆ ಭಾರ ಇಳಿಯುತ್ತದೆ.

ಅತ್ತಿಗೆ ಈಗ ಸಂಜೆ ತಲೆ ಬಾಚಿ, ಬೇರೆ ಬಟ್ಟೆ ಉಟ್ಟು, ದೀಪ ಹಾಕಿ ಕೂರುತ್ತಾರೆ. ಊಟ ಸರಿಯಾಗಿ ಮಾಡುತ್ತಾರೆ. ನನ್ನನ್ನು ಬೈಯುವುದನ್ನೂ ಶುರುಮಾಡಿದ್ದಾರೆ. ಯಾವ ಡಾಕ್ಟರು ಇಷ್ಟು ಮಾಡಿಯಾರು? ಅಣ್ಣ ಬರುತ್ತಿರಲಿ. ತಲೆಯ ಮೇಲೆ ತಲೆ ಬಿದ್ದರೂ ಈ ಮನೆ ಬಿಡುವುದಿಲ್ಲ.

ಫೆಬ್ರವರಿ 19, ಗುರುವಾರ

ಇವತ್ತು ಅಂಗಡಿಗೇ ಬಂದ.

ಮಧ್ಯಾಹ್ನ ಅಗ್ನಿಶಾಮಕದವರೊಬ್ಬರ ದಪ್ಪ ಬೂಟಿಗೆ ಅಟ್ಟೆ ಹೊಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಬೆಳಕು ಮಂಕಾಯಿತು. ಹೊರಗೆ ಬಿಸಿಲು ಇದ್ದ ಹಾಗೇ ಇತ್ತು, ಅಂಗಡಿಯೊಳಗೆ ಮಾತ್ರ ಯಾರೋ ಪರದೆ ಎಳೆದ ಹಾಗೆ. ಕತ್ತಿನಿಂದ ತಣ್ಣನೆಯ ಬೆವರು ಇಳಿದು ಅಂಗಿ ಬೆನ್ನಿಗೆ ಅಂಟಿತು. ಹೊಟ್ಟೆ ತೊಳೆಸಿತು. ಕೈಯಲ್ಲಿದ್ದ ದಬ್ಬಳ ಜಾರಿ ಬಿತ್ತು. ತಲೆ ಎತ್ತಿದರೆ ಬೆಂಚಿನ ಮೇಲೆ ಅಣ್ಣ.

ಮುಖ ಕಾಣಲಿಲ್ಲ. ಬೆನ್ನು ಬಾಗಿಸಿ, ಎರಡೂ ಅಂಗೈ ಮೊಣಕಾಲ ಮೇಲಿಟ್ಟು ಕೂತ ರೀತಿ ಅವನದೇ. ಉಸಿರು ನನ್ನ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಎದ್ದು ಹೋಗಿ ಅವನ ಪಕ್ಕ ಕೂತೆ. ಎದ್ದು ಓಡಬೇಕು ಅನ್ನಿಸಲಿಲ್ಲ, ಕಾಲಿಗೆ ಅಷ್ಟು ಶಕ್ತಿಯೂ ಇರಲಿಲ್ಲ. "ಯಾಕೋ ಸುಸ್ತು ಕಣೋ" ಎಂಬ ಮಾತು ಕೇಳಿಸಿತು. ಅಂದದ್ದು ಅವನೋ ನಾನೋ ತಿಳಿಯಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಹಿಮ್ಮಡಿ ಕಿತ್ತುಹೋದ ಚಪ್ಪಲಿ ಹಿಡಿದು ಬಂದ ಹೆಂಗಸೊಬ್ಬಳು ನೀರು ತಂದು ಕುಡಿಸಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಾ ಎಂದು ಕೇಳಿದಳು. ಹೊಟ್ಟೆ ಕೆಟ್ಟಿದೆ ಅಷ್ಟೆ ಅಂದೆ. ಎದೆಯಲ್ಲಿ ನೋವೇನೂ ಇರಲಿಲ್ಲವಲ್ಲ.

ಮೇಲೆ ಹೋಗಿ ಅತ್ತಿಗೆಗೆ ಹೇಳಿದೆ. ಅವರ ಕಣ್ಣು ಅರಳಿತು. "ಹೇಗಿದ್ರು? ಬಡವಾಗಿದ್ರಾ?" ಅಂದರು. ಅಷ್ಟು ಹೊತ್ತೂ ಅವನ ತೋಳು ನನ್ನ ತೋಳಿಗೆ ತಾಗುತ್ತಿದ್ದರೂ, ಅವನು ಬಡವಾಗಿದ್ದನೇ ಎಂದು ನನಗೆ ಹೇಳಲಾಗಲಿಲ್ಲ.

"ಏನಾದ್ರೂ ಅಂದ್ರಾ?"

"ಸುಸ್ತು ಅಂದ."

ಅತ್ತಿಗೆ ಮುಖ ಆ ಕಡೆ ತಿರುಗಿಸಿದರು.

ಫೆಬ್ರವರಿ 20, ಶುಕ್ರವಾರ

ಅಂಗಡಿ ತೆರೆಯಲಿಲ್ಲ. ಮೈಯಲ್ಲಿ ಮೂಳೆಯೇ ಇಲ್ಲದ ಹಾಗಿದೆ.

ಮಾರ್ಚ್ 1, ಭಾನುವಾರ

ಶೂ ಹಿಗ್ಗಿಸುವ ಅಚ್ಚಿನ ತಿರುಪು ಕೊನೆ ಮುಟ್ಟಿದೆ, ಇನ್ನು ತಿರುಗುವುದಿಲ್ಲ. ಲೇಸು ತೆಗೆದೇ ಹಾಕಿಕೊಳ್ಳುತ್ತಿದ್ದೇನೆ. ನನ್ನಂಥವನ ಕಾಲಲ್ಲಿ ಲೇಸಿಲ್ಲದ ಶೂ! ಅಣ್ಣ ನೋಡಿದ್ದರೆ ಅಂಗಡಿಯ ಮರ್ಯಾದೆ ಹೋಯಿತು ಅನ್ನುತ್ತಿದ್ದ.

ದಿಂಬು ಈಗ ಮೂರು. ಮಧ್ಯಾಹ್ನ ಅದಕ್ಕೆ ಒರಗಿ ಕೂತ ಹಾಗೇ ಕಣ್ಣು ಹತ್ತಿತ್ತು. ಎಚ್ಚರವಾದಾಗ ಅತ್ತಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ತಲೆ ಬಾಚಿದ್ದರು, ಒಳ್ಳೆಯ ಬಟ್ಟೆ ಉಟ್ಟಿದ್ದರು, ಇನ್ನೂ ಸಂಜೆಯಾಗಿರಲಿಲ್ಲ. "ಅಣ್ಣ ಬಂದನಾ?" ಅಂದೆ. ಅವರು ನನ್ನ ಮುಖ ನೋಡಿದರು, ದಿಂಬು ನೋಡಿದರು, ಮಂಚದ ಕೆಳಗೆ ಅಚ್ಚಿಗೆ ಹಾಕಿಟ್ಟ ಶೂ ನೋಡಿದರು. ತಿರುಗಿ ಹೋದರು.

ರಾತ್ರಿ ಊಟಕ್ಕೆ ಬಡಿಸಿ ತಾವು ತಟ್ಟೆ ಇಟ್ಟುಕೊಳ್ಳಲಿಲ್ಲ. ನಾನೇನು ತಪ್ಪು ಮಾಡಿದೆನೋ ಗೊತ್ತಿಲ್ಲ.

ಮಾರ್ಚ್ 2, ಸೋಮವಾರ

ಇವತ್ತು ನಡೆದದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಅಂಗಡಿ ಮುಚ್ಚುವ ಹೊತ್ತಿಗೆ ಅತ್ತಿಗೆ ಕೆಳಗಿಳಿದು ಬಂದರು. ಅಣ್ಣ ಹೋದ ಮೇಲೆ ಅವರು ಆ ಹೊಸ್ತಿಲು ತುಳಿದಿರಲಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನಾನು ಗಿರಾಕಿಗಳ ಮುಂದೆ ಕೂರುವ ಸಣ್ಣ ಸ್ಟೂಲಿನ ಮೇಲೆ ತಾವು ಕೂತು, ನನ್ನ ಶೂ ಕಿತ್ತು ಕಾಲುಚೀಲ ಎಳೆದರು. ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. ಬೆರಳು ತೆಗೆದರೂ ಗುಂಡಿ ಹಾಗೇ ಉಳಿಯಿತು.

"ನೋಡು" ಅಂದರು. "ಶೂ ಬಿಗಿಯಾದ್ರೆ ಬೇರೆಯವರು ಕಾಲು ನೋಡ್ಕೋತಾರೆ. ನೀವಿಬ್ರೂ ಶೂ ನೋಡಿದ್ರಿ. ಅವರೂ ಹಿಂಗೇ ತಿರುಪು ಬಿಗೀತಾ ಕೂತಿದ್ರು, ಚರ್ಮ ಸರಿಯಿಲ್ಲ ಅಂತ. ಪಕ್ಕದಲ್ಲೇ ಇದ್ದು ನಾನೂ ಹೌದು ಅಂದೆ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಎದ್ದು ಬಾ" ಅಂದರು.

ಮೆಟ್ಟಿಲು ಹತ್ತಿದೆವು, ಅವರು ಮುಂದೆ, ನಾನು ಹಿಂದೆ. ತಿರುವಿಗೆ ಬರುವಷ್ಟರಲ್ಲಿ ಅಣ್ಣ ಬಂದಿದ್ದ. "ಕೇಳಿಸ್ತಾ?" ಅಂದೆ. ಅತ್ತಿಗೆ ತಿರುಗಿ ನಿಂತು, ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದರು. "ಉಸಿರು ಬಿಗಿ ಹಿಡಿ" ಅಂದರು. ಹಿಡಿದೆ. ಮೆಟ್ಟಿಲೆಲ್ಲ ಸ್ತಬ್ಧ. "ಬಿಡು" ಅಂದರು. ಬಿಟ್ಟೆ. ಶಿಳ್ಳೆ ಅವರ ಅಂಗೈಗೆ ತಾಗಿತು.

"ಅದು ನೀನು, ಪುಟ್ಟ."

"ಅವನು ಚಿಕ್ಕಂದಿನಿಂದಲೂ ಹೀಗೇ ಮಾಡ್ತಿದ್ದ, ನಾನು ಹಿಡಿದ್ರೆ ಅವನೂ..."

"ಅವರು ಸತ್ತಿದ್ದಾರೆ" ಅಂದರು ಅತ್ತಿಗೆ. ಇಷ್ಟು ದಿನ 'ಹೋದರು', 'ಇಲ್ಲ' ಎನ್ನುತ್ತಿದ್ದರು. ಆ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು. "ನಿನ್ನೆ ಮಧ್ಯಾಹ್ನ ಉಸಿರು ಮನೆಯೊಳಗೆ ಕೇಳಿಸ್ತು. ಕೊನೆಗೂ ಒಳಗೆ ಬಂದ್ರು ಅಂತ ಬಟ್ಟೆ ಬದಲಾಯಿಸ್ಕೊಂಡು ಬಂದೆ. ನೋಡಿದ್ರೆ ನೀನು. ಬಾಯಿ ತೆರ್ಕೊಂಡು, ಮೂರು ದಿಂಬಿಗೆ ಒರಗಿ. ಅವರ ಕೊನೇ ತಿಂಗಳು ನಾನು ನೋಡಿದ್ದು ಅದೇ. ನಾಳೆ ಆಸ್ಪತ್ರೆಗೆ ಹೊರಡು."

ನನಗೆ ಎಲ್ಲಿತ್ತೋ ಸಿಟ್ಟು. "ನಿಮಗೆ ಅವನು ಬೇಡ ಆದ್ರೆ ಬಿಡಿ. ನನಗೆ ಬೇಕು" ಅಂದುಬಿಟ್ಟೆ.

ಅತ್ತಿಗೆ ಗೋಡೆ ಹಿಡಿದುಕೊಂಡು ಮೇಲೆ ಹೋದರು.

ಮಾರ್ಚ್ 3, ಮಂಗಳವಾರ

ಅತ್ತಿಗೆಯ ಮಾತು ಸುಳ್ಳು ಮಾಡಬೇಕಿತ್ತು. ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ ಉಸಿರಾಡುತ್ತ ಸದ್ದಿಲ್ಲದೆ ಹತ್ತಿ ತೋರಿಸೋಣ ಎಂದು ಹೊರಟೆ. ಕಿಟಕಿಯವರೆಗೂ ಆಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅಣ್ಣಾ ಎಂದು ಕರೆದೆ. ಉಸಿರು ಇತ್ತು, ಉತ್ತರ ಬರಲಿಲ್ಲ.

ಮಾರ್ಚ್ 6, ಶುಕ್ರವಾರ. ಆಸ್ಪತ್ರೆಯಲ್ಲಿ

ಬೆಳಗ್ಗೆ ಅಂಗಡಿ ತೆರೆದಾಗ ಅತ್ತಿಗೆ ಹಿಂದೆಯೇ ಬಂದು, ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಅಣ್ಣ ಕೂತ ಜಾಗದಲ್ಲೇ. "ನೀನು ಹೊರಡೋವರೆಗೂ ನಾನು ಏಳಲ್ಲ" ಅಂದರು. ಗಿರಾಕಿಗಳು ಬಂದರು, ನಿಂತೇ ಶೂ ಹಾಕಿ ನೋಡಿ ಹೋದರು. ಮಧ್ಯಾಹ್ನವಾದರೂ ಅವರು ನೀರು ಮುಟ್ಟಲಿಲ್ಲ. ಆ ಬೆಂಚಿನ ಮೇಲೆ ಅವರನ್ನು ನೋಡುತ್ತ ಮೊಳೆ ಹೊಡೆಯಲು ನನ್ನಿಂದಾಗಲಿಲ್ಲ. ಕದ ಎಳೆದೆ.

ಡಾಕ್ಟರು ಅಣ್ಣನ ಮಗಳ ವಯಸ್ಸಿನವರು. ಎದೆಗೆ ತಣ್ಣನೆಯ ಅಂಟು ಹಚ್ಚಿ, ಯಂತ್ರದ ತುದಿಯನ್ನು ಒತ್ತಿ ಒತ್ತಿ ಪರದೆ ನೋಡಿದರು. ನನ್ನ ಹೃದಯವನ್ನು ನಾನೂ ನೋಡಿದೆ. ಬೂದು ಬಣ್ಣದ್ದು, ಒಲ್ಲದ ಮನಸ್ಸಿನಿಂದ ಕೆಲಸ ಮಾಡುವವನ ಹಾಗೆ ಮಿಸುಕುತ್ತಿತ್ತು.

"ಬಿ.ಪಿ.ಗೆ ಎದುರಾಗಿ ತಳ್ಳಿ ತಳ್ಳಿ ಗೋಡೆ ದಪ್ಪ ಆಗಿದೆ" ಅಂದರು. "ಸಕ್ಕರೆ ಸೇರಿ ಆ ಗೋಡೆನ ಬಿರುಸು ಮಾಡಿದೆ. ಅದು ಸಡಿಲ ಆಗಿ ರಕ್ತ ತುಂಬಿಸ್ಕೊಳ್ಳೋಕೆ ಆಗ್ತಿಲ್ಲ. ಅದಕ್ಕೇ ಶ್ವಾಸಕೋಶದಲ್ಲಿ, ಕಾಲಲ್ಲಿ ನೀರು ನಿಂತಿದೆ. ಒಂದೇ ಕಾಯಿಲೆ ಇದ್ದಿದ್ರೆ ಹೃದಯ ಇನ್ನೂ ಸ್ವಲ್ಪ ಕಾಲ ಸಹಿಸ್ಕೊಳ್ತಿತ್ತೇನೋ. ಎರಡೂ ಕೂಡಿದ್ರೆ ಪೆಟ್ಟು ಜಾಸ್ತಿ."

"ನನಗೆ ಬಿ.ಪಿ. ಮಾತ್ರೆ ತಪ್ಪಿಲ್ಲ ಡಾಕ್ಟ್ರೇ."

"ಸಕ್ಕರೆದು?"

ಅವರು ಪರದೆಯ ಒಂದು ಮೂಲೆಗೆ ಬೆರಳಿಟ್ಟರು. "ಇಲ್ಲಿ ನೋಡಿ, ಈ ಭಾಗ ಸರಿಯಾಗಿ ಆಡ್ತಿಲ್ಲ. ಇಸಿಜಿಯಲ್ಲೂ ಗುರುತಿದೆ. ನಿಮಗೆ ಈಗಾಗಲೇ ಒಂದು ಹೃದಯಾಘಾತ ಆಗಿ ಹೋಗಿದೆ."

"ಸಾಧ್ಯವೇ ಇಲ್ಲ. ಒಂದು ದಿನವೂ ಎದೆ ನೋಯಲಿಲ್ಲ."

"ಸಕ್ಕರೆ ಇದ್ದವರಲ್ಲಿ ನೋವು ತಿಳಿಸೋ ನರಗಳು ಮಂಕಾಗಿರಬಹುದು. ಎಲ್ಲರಿಗೂ ಹಾಗಾಗಲ್ಲ, ಆದ್ರೆ ಕೆಲವರಿಗೆ ಗೊತ್ತೇ ಆಗಲ್ಲ. ಇತ್ತೀಚೆಗೆ ಯಾವತ್ತಾದ್ರೂ ತಣ್ಣಗೆ ಬೆವರಿ, ಹೊಟ್ಟೆ ತೊಳೆಸಿ, ತುಂಬಾ ಸುಸ್ತಾಗಿತ್ತಾ?"

ಅತ್ತಿಗೆ ನನ್ನ ಕೈ ಹಿಡಿದುಕೊಂಡರು. "ಆವತ್ತು ಅಂಗಡಿಗೆ ನಿಮ್ಮಣ್ಣ ಬಂದಿದ್ರು ಅಂದ್ಯಲ್ಲ, ಪುಟ್ಟ" ಅಂದರು.

"ಯಾರು ಬಂದಿದ್ರು?" ಎಂದು ಡಾಕ್ಟರು ಕೇಳಿದರು.

ಈಗ ವಾರ್ಡಿನಲ್ಲಿ ಒರಗಿ ಕೂತು ಯೋಚಿಸುತ್ತಿದ್ದೇನೆ. ನಮ್ಮ ಅಂಗಡಿಗೆ ಬರುವ ಗಣಿತದ ಮೇಷ್ಟ್ರಿಗೂ ಸಕ್ಕರೆ. ಒಮ್ಮೆ ಶೂ ಬಿಚ್ಚಿದರೆ ಒಳಗೆ ಮೊಳೆ ಎದ್ದು ಕಾಲುಚೀಲವೆಲ್ಲ ರಕ್ತ. ಮೇಷ್ಟ್ರು ಬೆಳಗಿನಿಂದ ನಿಂತು ಪಾಠ ಮಾಡಿದ್ದಾರೆ, ಅವರಿಗೆ ಗೊತ್ತೇ ಇಲ್ಲ. ಕಾಲಿಗೆ ಆಗುವ ಈ ಗತಿಯನ್ನು ನಾನು ಕಣ್ಣಾರೆ ಕಂಡವನು. ಅದೇ ಎದೆಗೂ ಆದೀತು ಎಂದು ಹೊಳೆಯಲೇ ಇಲ್ಲ. ಅಣ್ಣ ಟೀ ಕೇಳಿದಾಗ ಒಳಗೆ ಮೊಳೆ ಚುಚ್ಚುತ್ತಿತ್ತು, ಅವನಿಗೂ ಗೊತ್ತಿರಲಿಲ್ಲ.

ಮಾರ್ಚ್ 14, ಶನಿವಾರ

ಮನೆಗೆ ಬಂದೆ. ಒಂದು ವಾರ ನೀರಿಳಿಸುವ ಮಾತ್ರೆ, ಸೂಜಿ, ಉಪ್ಪಿಲ್ಲದ ಊಟ. ಕಾಲು ಮತ್ತೆ ನನ್ನ ಕಾಲಿನ ಹಾಗೆ ಕಾಣುತ್ತಿದೆ. ಹಿಗ್ಗಿಸಿದ ಶೂ ಈಗ ದೊಗಳೆ, ನಡೆದರೆ ಪಟಪಟ ಬಡಿಯುತ್ತದೆ. ಅತ್ತಿಗೆ ಡ್ರಾಯರಿನ ಲೇಸುಗಳ ಕೆಳಗಿನ ಹಳೆಯ ಮಾತ್ರೆಗಳನ್ನು ಪತ್ತೆ ಹಚ್ಚಿದ್ದಾರೆ. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಇಡೀ ಕಟ್ಟಡಕ್ಕೆ ಕೇಳಿಸಿದೆ.

ಏಪ್ರಿಲ್ 6, ಸೋಮವಾರ

ಡಾಕ್ಟರು ಅಪ್ಪಣೆ ಕೊಟ್ಟರು, ಇವತ್ತಿನಿಂದ ಅಂಗಡಿ. ಸಂಜೆ ನಿಧಾನವಾಗಿ ಮೆಟ್ಟಿಲು ಹತ್ತಿದೆ. ತಿರುವಿನಲ್ಲಿ ನಿಂತೆ, ಸುಸ್ತಾಗಿ ಅಲ್ಲ, ಕೇಳಲು. ರಸ್ತೆಯ ಸದ್ದು ಕೇಳಿಸಿತು. ಎರಡನೇ ಮಹಡಿಯ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅಷ್ಟೇ.

ಬೆಲ್ ಒತ್ತಿದೆ. ಬಾಗಿಲು ತೆಗೆಯಲು ಬಹಳ ಹೊತ್ತಾಯಿತು.

"ಬಂದದ್ದೇ ಗೊತ್ತಾಗ್ಲಿಲ್ಲ" ಅಂ‌ದರು ಅತ್ತಿಗೆ.

ಏಪ್ರಿಲ್ 25, ಶನಿವಾರ

ಮೈ ಹಗುರವಾಗಿದೆ, ಒಂದೇ ದಿಂಬಿನಲ್ಲಿ ನಿದ್ದೆ ಬರುತ್ತದೆ. ಅಣ್ಣನ ಮಗಳು ಫೋನಿನಲ್ಲಿ ತಪಾಸಣೆ ಮಾಡಿ, ಎಲ್ಲ ಸರಿಯಿದೆ ಎಂದು ಬಿಟ್ಟಳು. ಖುಷಿಪಡಬೇಕು.

ಆದರೆ ಅತ್ತಿಗೆ ಮತ್ತೆ ಸಂಜೆ ದೀಪ ಹಾಕುವುದಿಲ್ಲ. ನಾನು ಬಂದಾಗ ಕತ್ತಲಲ್ಲಿ, ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾರೆ. ತಲೆ ಬಾಚುವುದಿಲ್ಲ. ನನ್ನ ಮಾತ್ರೆ, ನನ್ನ ಊಟ ಎಲ್ಲ ಸರಿಯಾಗಿ ನೋಡಿಕೊಳ್ಳುತ್ತಾರೆ, ತಾವು ಮಾತ್ರ ಬರಬರುತ್ತ ಸೊರಗುತ್ತಿದ್ದಾರೆ. ನನ್ನನ್ನು ಉಳಿಸಿಕೊಳ್ಳಲು ಅವರು ಕೈಯಾರೆ ಗಂಡನನ್ನು ಎರಡನೇ ಸಲ ಕಳೆದುಕೊಂಡರು. ಅವರು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ನನಗೆ ಈ ಮನೆಯಲ್ಲಿ ಮೆತ್ತಗೆ ಉಸಿರಾಡಲೂ ನಾಚಿಕೆಯಾಗುತ್ತದೆ.

ಮೇ 8, ಶುಕ್ರವಾರ

ಬೆಳಗ್ಗೆ ಕಾಫಿ ಲೋಟ ಹಿಡಿದ ಅತ್ತಿಗೆಯ ಮಣಿಕಟ್ಟು ನೋಡಿದೆ. ಬರೀ ಮೂಳೆ. ಅಂಗಡಿಯಲ್ಲಿ ದಿನವೆಲ್ಲ ಅದೇ ಕಣ್ಣಿಗೆ ಕಟ್ಟಿತ್ತು. ಸಂಜೆ ಒಂದು ನಿರ್ಧಾರ ಮಾಡಿಕೊಂಡು ಹತ್ತಿದೆ. ಇದೊಂದು ಸಲ, ಅವರಿಗಾಗಿ. ಅಣ್ಣ ಕ್ಷಮಿಸುತ್ತಾನೆ.

ತಿರುವಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತು, ಬಾಯಿ ತೆರೆದು ಏದುಸಿರು ಬಿಟ್ಟೆ. ತುದಿಗೆ ಶಿಳ್ಳೆಯನ್ನೂ ಸೇರಿಸಿದೆ. ಅವನ ಹಾಗೇ ಬರುವ ತನಕ ಬಿಟ್ಟೆ. ಎಷ್ಟು ಸರಿಯಾಗಿ ಬಂತೆಂದರೆ ನನ್ನ ಮೈಮೇಲೆ ಮುಳ್ಳೆದ್ದಿತು.

ಮೇಲೆ ಬಾಗಿಲು ಗೋಡೆಗೆ ಬಡಿದ ಸದ್ದು. ಅತ್ತಿಗೆ ಬರಿಗಾಲಲ್ಲಿ, ಕೆದರಿದ ತಲೆಯಲ್ಲಿ ಓಡಿ ಬಂದರು. ಒಂದು ಕೈಯಲ್ಲಿ ನನ್ನ ಮಾತ್ರೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಫೋನ್. ಅದರೊಳಗಿಂದ ಆಂಬುಲೆನ್ಸಿನವರು ಹಲೋ ಹಲೋ ಅನ್ನುತ್ತಿದ್ದರು. "ಕೂತ್ಕೊ, ಕೂತ್ಕೊ ಪುಟ್ಟ, ಮಾತಾಡ್ಬೇಡ" ಎಂದು ನನ್ನ ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಅತ್ತಿಗೆ, ನನಗೇನೂ ಆಗಿಲ್ಲ. ಸುಮ್ನೆ ಮಾಡಿದೆ. ಅಣ್ಣ ಅಂದ್ಕೊಂಡು ನಿಮಗೆ ಸಮಾಧಾನ ಆಗ್ಲಿ ಅಂತ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಫೋನಿನವರಿಗೆ ತಪ್ಪಾಯಿತು ಎಂದು ಹೇಳಿ ಇಟ್ಟರು. ಆಮೇಲೆ ನನ್ನ ತೋಳಿಗೆ ಬಾರಿಸಿದರು, ಚಿಕ್ಕಂದಿನಲ್ಲಿ ಬಾರಿಸಿದ ಹಾಗೇ, ಮತ್ತೆ ಮತ್ತೆ. ಹೊಡೆದು ಸಾಕಾಗಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ಅವರು ಅಂತ ಒಂದು ಕ್ಷಣವೂ ಅನ್ನಿಸ್ಲಿಲ್ಲ ಕಣೋ" ಅಂದರು. "ನೀನು ಅಂತಲೇ ಓಡಿ ಬಂದೆ. ದಿನಾ ಕತ್ತಲಲ್ಲಿ ಕೂತು ನಾನು ಕಾಯೋದು ಅವರಿಗೆ ಅಂದ್ಕೊಂಡ್ಯಾ? ಇವತ್ತು ಆ ಉಸಿರು ಕೇಳ್ಬಾರ್ದಪ್ಪಾ ಅಂತ ಕಿವಿಗೊಟ್ಟು ಕೂತಿರ್ತೀನಿ. ಬೆಲ್ ಆದ್ರೆ ಎದ್ದು ಬರೋಕೆ ಕಾಲೇ ಏಳಲ್ಲ."

ಮೆಟ್ಟಿಲ ಮೇಲೆ ಬಿದ್ದಿದ್ದ ಮಾತ್ರೆಯ ಡಬ್ಬಿಯನ್ನು ಎತ್ತಿಕೊಂಡೆ.

"ನೀನು ಸದ್ದಿಲ್ಲದೆ ಬಾ ಪುಟ್ಟ. ನಂಗೆ ಅಷ್ಟೇ ಸಾಕು."

ಇಬ್ಬರೂ ಎದ್ದೆವು. ಅಷ್ಟು ಜೋರಾಗಿ ಇಳಿದು ಬಂದವರು ಈಗ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ನಾನು ಅವರ ಮೊಣಕೈ ಹಿಡಿದು, ಬಾಗಿಲು ಬರುವವರೆಗೂ ಅವರ ಉಸಿರಿಗೇ ಕಿವಿಗೊಟ್ಟು ಹತ್ತಿದೆ.